ಹಗೇವಿನ ವಾಸನೆ

ಲಕ್ಷ್ಮೇಶ್ವರ ಕಡೆಯ ನಮ್ಮ ಹಳ್ಳಿಯಲ್ಲಿ ಹಗೇವು ತೆಗೆಯುವುದೆಂದರೆ ಓಣಿಗೆಲ್ಲ ಸುದ್ದಿ. ಬಾಯಿಗೆ ಮೆತ್ತಿದ ಮಣ್ಣು ಕೆದರಿ ಹಾಸುಗಲ್ಲು ಸರಿಸುತ್ತಿದ್ದಂತೆ ಮುಗ್ಗು ವಾಸನೆ ಗಪ್ಪನೆ ಮೇಲೇರುತ್ತಿತ್ತು. ಯಾರೂ ಕೂಡಲೇ ಇಳಿಯುತ್ತಿರಲಿಲ್ಲ. ಬಹಳ ಹೊತ್ತು ಗಾಳಿಯಾಡಲು ಬಿಟ್ಟು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಒಳಗೆ ಬಿಡುವುದು. “ದೀಪಾ ಆರಿದ್ರ ಇಳೀಬ್ಯಾಡ್ರೋ” ಎಂದು ಅಜ್ಜ ಪ್ರತಿ ಸಲ ಕೂಗುತ್ತಿದ್ದ. ಅವಸರಕ್ಕೆ ಇಳಿದು ಮೇಲೆ ಬಾರದವರ ಕತೆಗಳು ಅವನ ಬಳಿ ಇದ್ದವು.

ದೀಪ ಆರಿಸುವ ಆ ಗಾಳಿಯೇ ಜೋಳವನ್ನು ಕಾಯುತ್ತಿತ್ತು ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಹಗೇವು ಎಂದರೆ ನೆಲದಲ್ಲಿ ಹೂತ ಗಡಿಗೆಯಂಥ ಕಣಜ: ಕತ್ತು ಒಬ್ಬ ಆಳು ತೂರುವಷ್ಟು, ಹೊಟ್ಟೆ ಅಗಲ. ಎರೆ ನೆಲ ಬೇಸಿಗೆಗೆ ಬಿರಿಯುತ್ತದೆ, ಮಳೆಗೆ ನೀರು ಕುಡಿಯುತ್ತದೆ. ಅದಕ್ಕೇ ದಿನ್ನೆಯ ಗಟ್ಟಿ ಗರಸು ನೋಡಿ ತೋಡುತ್ತಿದ್ದರು. ತಳಕ್ಕೂ ಗೋಡೆಗೂ ಒಣಹುಲ್ಲು ಹಾಸಿ, ಚೆನ್ನಾಗಿ ಒಣಗಿದ ಹಿಂಗಾರಿ ಜೋಳ ಸುರಿದು ಬಾಯಿ ಬಿಗಿದರೆ ಮುಗಿಯಿತು. ಮುಚ್ಚಿದ ಮೇಲೂ ಕಾಳು ಉಸಿರಾಡುತ್ತದೆ, ಹುಳವೂ ಉಸಿರಾಡುತ್ತದೆ. ಆಮ್ಲಜನಕ ತೀರಿ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡಾಗ ನುಸಿ ಸಾಯುತ್ತದೆ, ಕಾಳು ಉಳಿಯುತ್ತದೆ. ಪುಡಿ, ಗುಳಿಗೆ ಯಾವುದೂ ಬೇಡ. ಸುಡಾನಿನ ರೈತರೂ ಜೋಳವನ್ನು ಹೀಗೇ ಹೂಳುತ್ತಾರೆ; ಅವರ ಹಗೇವಿನ ಹೆಸರು ಮತ್ಮೂರಾ.

ಇಷ್ಟೆಲ್ಲ ಯಾಕೆಂದರೆ ಬರ. 1997ರವರೆಗೆ ನಮ್ಮ ಗದಗ ಸೇರಿದ್ದ ಧಾರವಾಡ ಜಿಲ್ಲೆ 1876–78ರ ಬರದಲ್ಲಿ ನಲುಗಿಹೋಗಿತ್ತು. ಒಂದು ಮಳೆ ತಪ್ಪಿದರೆ ಹಗೇವು, ಎರಡು ತಪ್ಪಿದರೂ ಹಗೇವೇ.

ಆದರೆ ಗೋಡೆಗೆ ತಾಗಿದ ಜೋಳಕ್ಕೆ ಪಸೆ ಹತ್ತುತ್ತಿತ್ತು. ಅಜ್ಜಿ ಅದನ್ನು ಬೇರೆ ತೆಗೆದು, ತೊಳೆದು, ಮಾಳಿಗೆಯ ಮೇಲೆ ಹರವುತ್ತಿದ್ದಳು. ಬಿಸಿಲಿಗೂ ಆ ವಾಸನೆ ಪೂರ್ತಿ ಹೋಗದು. ಹಂಚಿನಿಂದ ಇಳಿದ ಬಿಸಿ ರೊಟ್ಟಿ ಮುರಿದರೆ ಹಗೇವೇ ಮೂಗಿಗೆ ಬರುತ್ತಿತ್ತು. ನಾವು ಮಾರಿ ಸಿಂಡರಿಸಿದರೆ ಅಜ್ಜಿ ಎದ್ದು ಅಡುಗೆಮನೆ ಮೂಲೆಯ ಭರಣಿಗೆ ಕಟ್ಟಿದ ಅರಿವೆ ಬಿಚ್ಚುತ್ತಿದ್ದಳು. ಅದರಲ್ಲಿ ರಂಜಕ. ಹಸಿ ಕೆಂಪು ಹಣ್ಣುಮೆಣಸಿನಕಾಯಿಯ ತೊಟ್ಟು ಮುರಿದು, ಒರೆಸಿ, ಉಪ್ಪು, ಬಳ್ಳೊಳ್ಳಿ, ಹುರಿದ ಮೆಂತ್ಯ ಹಾಕಿ ಒರಳಲ್ಲಿ ಕುಟ್ಟಿ, ನಿಂಬೆಹುಳಿ ಹಿಂಡಿದ್ದು. ತೊಳೆದರೆ ಮಾತ್ರ ಒಂದು ಹನಿ ನೀರೂ ಉಳಿಯಬಾರದು, ಉಳಿದರೆ ಬೂಸ್ಟು. ಹಸಿ ಚಮಚ ಅದ್ದಿದವರಿಗೆ ಬೈಗುಳ ಗ್ಯಾರಂಟಿ. ಹಗೇವು ಗಾಳಿ ತಡೆದು ಕಾದರೆ, ಭರಣಿ ಉಪ್ಪು ಹುಳಿಯಿಂದ ಕಾಯುತ್ತಿತ್ತು. ಮೇಲೆ ಒಂದು ಸೌಟು ಒಳ್ಳೆಣ್ಣೆ, ಪಕ್ಕಕ್ಕೆ ಕೆನೆಮೊಸರು. ಅದರ ಮುಂದೆ ಯಾವ ವಾಸನೆಯೂ ನಿಲ್ಲುತ್ತಿರಲಿಲ್ಲ.

ಈಗ ಬಾಟಲಿಯ ರಂಜಕ ಅಂಗಡಿಗೆ ಬಂದಿದೆ; ವಿನೆಗರ್ ಹುಳಿ ನನಗಂತೂ ಒಗ್ಗದು. ಜೋಳ ರಾಶಿಯಾದ ವಾರದಲ್ಲೇ ಚೀಲ ಕಟ್ಟಿ ಮಾರುಕಟ್ಟೆಗೆ ಹೋಗುತ್ತದೆ. ದನ ಕಾಲಿಟ್ಟು ಕುಸಿದೀತೆಂದು ನಮ್ಮ ಹಗೇವಿಗೆ ಮಣ್ಣು ತುಂಬಿಸಿದ್ದಾಯಿತು. ಹಾಸುಗಲ್ಲು ಈಗ ಹಿತ್ತಲಲ್ಲಿದೆ, ಬಟ್ಟೆ ಒಗೆಯಲಿಕ್ಕೆ.