ರಾಜೀನಾಮೆ ಬರೆಯುವ ಮುಂಚೆ ತಾರೀಖು ನೋಡಿ

ಇಪ್ಪತ್ತೆರಡು ಇಪ್ಪತ್ಮೂರನೇ ವಯಸ್ಸಿಗೆ ಊರು ಬಿಟ್ಟು ಜುಬೈಲ್, ದಮ್ಮಾಮ್, ರಿಯಾದ್‌ಗೆ ಬಂದವರು ನೀವಾದರೆ ಒಂದು ವಿಷಯ ತಿಳಿದಿರಲಿ. ಇಲ್ಲಿನ ಸರ್ಕಾರ ತನ್ನ ಯುವಕರಿಗೆ ಕೊಡುವ ಸವಲತ್ತು ನಮಗಿಲ್ಲ. 2011ರಲ್ಲಿ ಬಂದ ಹಾಫಿಜ್ ಯೋಜನೆಯಲ್ಲಿ ಕೆಲಸ ಹುಡುಕುವವರಿಗೆ ತಿಂಗಳಿಗೆ 2,000 ರಿಯಾಲ್ ಕೊಟ್ಟರು, ಅದು ಸೌದಿ ಪ್ರಜೆಗಳಿಗೆ. ಗೋಸಿಯ ಪಿಂಚಣಿಯೂ ನಮಗಿಲ್ಲ. ನಮ್ಮ ಹೆಸರಲ್ಲಿ ಕಂಪನಿ ಗೋಸಿಗೆ ಕಟ್ಟುವ ಶೇ 2 ಕೆಲಸದಲ್ಲಾಗುವ ಅಪಘಾತ, ಕಾಯಿಲೆಗೆ ಮಾತ್ರ. ಅದು ಕಂಪನಿಯ ಖರ್ಚು, ನಿಮ್ಮ ಸಂಬಳದಿಂದ ಮುರಿಯುವ ಹಾಗಿಲ್ಲ. ಊರಿನ ಯುವನಿಧಿಯೋ, ಕೆಲಸ ಸಿಕ್ಕವರಿಗಲ್ಲ.

ಹಾಗಾದ್ರೆ ಕೈಗೆ ಬರೋದೇನು? ಸರ್ವಿಸ್ ದುಡ್ಡು. ಮೊದಲ ಐದು ವರ್ಷಕ್ಕೆ ವರ್ಷಕ್ಕೆ ಅರ್ಧ ತಿಂಗಳ ಸಂಬಳ, ಆಮೇಲೆ ವರ್ಷಕ್ಕೆ ಪೂರ್ತಿ ತಿಂಗಳದ್ದು. ಲೆಕ್ಕ ಕೊನೆಯ ಸಂಬಳದ ಮೇಲೆ. ಆದರೆ ನೀವೇ ರಾಜೀನಾಮೆ ಕೊಟ್ಟರೆ ಕತ್ತರಿ ಬೀಳುತ್ತದೆ: ಎರಡು ವರ್ಷದೊಳಗೆ ಏನೂ ಇಲ್ಲ, ಎರಡರಿಂದ ಐದರವರೆಗೆ ಮೂರನೇ ಒಂದು ಭಾಗ, ಐದು ದಾಟಿದರೆ ಮೂರನೇ ಎರಡು, ಹತ್ತು ತುಂಬಿದರೆ ಪೂರ್ತಿ.

ಸಂಬಳ 1,800 ರಿಯಾಲ್ ಅಂತ ಇಟ್ಕೊಳ್ಳಿ. ನಾಲ್ಕು ವರ್ಷ ಒಂಬತ್ತು ತಿಂಗಳಿಗೆ ಪೂರ್ತಿ ಲೆಕ್ಕ 4,275. ರಾಜೀನಾಮೆ ಕೊಟ್ಟರೆ ಸಿಗೋದು 1,425. ಇನ್ನು ನಾಲ್ಕು ತಿಂಗಳು ತಡೆದು, ಐದು ವರ್ಷ ಒಂದು ತಿಂಗಳಿಗೆ ಬಿಟ್ಟರೆ 3,100. ನಾಲ್ಕೇ ತಿಂಗಳಿಗೆ ಎರಡರಷ್ಟಕ್ಕಿಂತ ಹೆಚ್ಚು! ಬೇರೆ ಕಂಪನಿಯಲ್ಲಿ ಇನ್ನೂರು ರಿಯಾಲ್ ಜಾಸ್ತಿ ಅಂತ ಓಡುವ ಹುಡುಗರು ಇದನ್ನು ಕೂಡಿ ಕಳೆಯೋದೇ ಇಲ್ಲ. ಅವಧಿಯ ಕರಾರಾಗಿದ್ದು, ಅವಧಿ ಮುಗಿದೇ ಹೊರಟರೆ ಅದು ರಾಜೀನಾಮೆಯಲ್ಲ, ಪೂರ್ತಿ ಸಿಗಬೇಕು.

ಕಿವಾದಲ್ಲಿ ನಿಮ್ಮ ಕರಾರು ತೆರೆದು, ಸೇರಿದ ತಾರೀಖು ಮತ್ತು ಸಂಬಳ ಸರಿಯಿದೆಯಾ ನೋಡಿ, ಫೋಟೋ ತೆಗೆದು ಮನೆಗೆ ಕಳಿಸಿಡಿ. ಅರಬಿಯಲ್ಲಿರುವ ಫೈನಲ್ ಸೆಟಲ್‌ಮೆಂಟ್ ಕಾಗದಕ್ಕೆ ಓದಿಸದೆ ಸಹಿ ಹಾಕಬೇಡಿ. ಕಂಪನಿ ಕೆಲಸದಿಂದ ಬಿಡಿಸಿದರೆ ಒಂದು ವಾರದಲ್ಲಿ, ನೀವು ಬಿಟ್ಟರೆ ಎರಡು ವಾರದಲ್ಲಿ ಬಾಕಿ ಕೊಡಬೇಕು. ಕೊಡದಿದ್ದರೆ ಕೆಲಸ ಮುಗಿದ 12 ತಿಂಗಳೊಳಗೆ ದೂರು ಕೊಡಿ. ‘ಊರಿಗೆ ಹೋಗಿ ನೋಡೋಣ’ ಅಂದ್ರೆ ಕಷ್ಟ. ಮನೆಗೆಲಸದವರು, ಮನೆ ಡ್ರೈವರ್‌ಗಳಿಗೆ ನಿಯಮ ಬೇರೆ, ಮೇಲಿನ ಲೆಕ್ಕ ಅನ್ವಯಿಸುವುದಿಲ್ಲ.

ಇಸಿಆರ್ ಪಾಸ್‌ಪೋರ್ಟಲ್ಲಿ ಬಂದವರು ಹೊರಡುವಾಗ 275 ಅಥವಾ 375 ರೂಪಾಯಿಗೆ ಮಾಡಿಸಿದ ಪ್ರವಾಸಿ ಭಾರತೀಯ ಬೀಮಾ ಎರಡು ಅಥವಾ ಮೂರು ವರ್ಷಕ್ಕಷ್ಟೇ. ಅಪಘಾತದಲ್ಲಿ ಸತ್ತರೆ ಮನೆಯವರಿಗೆ 10 ಲಕ್ಷ ಬರುವ ಪಾಲಿಸಿ ಅದು. ಇಲ್ಲಿಂದಲೇ ಆನ್‌ಲೈನಲ್ಲಿ ನವೀಕರಿಸಬಹುದು. ನಿಮ್ಮದರ ಕೊನೇ ತಾರೀಖು ಯಾವುದೆಂದು ಇವತ್ತೇ ನೋಡಿ.