ಎದೆಯೊಳಗೊಂದು ಪೀಪಿ

ಮಗು ಉಸಿರು ಬಿಟ್ಟಾಗಲೆಲ್ಲ ಎದೆಯೊಳಗಿಂದ ‘ಪೀಂ’ ಎಂಬ ಸದ್ದು. ಓಡಿದರೆ ಜೋರು, ಸುಮ್ಮನೆ ಕೂತರೆ ಸಣ್ಣದು. ಮನೆಯವರಿಗೆ ಮೊದಲು ತಮಾಷೆ, ಆಮೇಲೆ ಗಾಬರಿ. ಒತ್ತಿದರೆ ಕೂಗುವ ಗೊಂಬೆಯಲ್ಲೋ, ಜಾತ್ರೆಯಲ್ಲಿ ಕೊಂಡ ಪೀಪಿಯಲ್ಲೋ ಇರುವ ಪುಟ್ಟ ಪ್ಲಾಸ್ಟಿಕ್ ಸೀಟಿ ಕಳಚಿ ಶ್ವಾಸನಾಳಕ್ಕೆ ಇಳಿದಿರುತ್ತದೆ. ಭಾರತದ ವೈದ್ಯಕೀಯ ಪತ್ರಿಕೆಗಳಲ್ಲಿ ಇಂಥ ಪ್ರಕರಣಗಳು ಒಂದೆರಡಲ್ಲ. ಒಂದು ಲೆಕ್ಕದಲ್ಲಿ ಈ ಮಕ್ಕಳು ಅದೃಷ್ಟವಂತರೇ. ಒಳಗೆ ಕೂತ ವಸ್ತು ತಾನೇ ಕೂಗಿ ತನ್ನ ವಿಳಾಸ ಹೇಳುತ್ತದೆ. ಕಡಲೆಕಾಯಿ ಬೀಜ ಹಾಗೆ ಕೂಗುವುದಿಲ್ಲ.

ಊಟದ ನಡುವೆ ಮಗು ಕೆಮ್ಮಿದರೆ ‘ನೆತ್ತಿಗೆ ಹತ್ತಿತು’ ಎಂದು ತಲೆ ತಟ್ಟುವುದು, ಯಾರೋ ನೆನೆಸಿಕೊಳ್ಳುತ್ತಿದ್ದಾರೆ ಎನ್ನುವುದು ನಮ್ಮ ಮನೆಗಳ ವಾಡಿಕೆ. ನಿಜವಾಗಿ ಅದು ಹತ್ತುವುದು ನೆತ್ತಿಗಲ್ಲ; ಅನ್ನನಾಳ ಬಿಟ್ಟು ಪಕ್ಕದ ದಾರಿ ಹಿಡಿದಿರುತ್ತದೆ. ನಾವು ನುಂಗುವಾಗ ಎಪಿಗ್ಲಾಟಿಸ್ ಎಂಬ ಪುಟ್ಟ ಮುಚ್ಚಳ ಶ್ವಾಸನಾಳದ ಬಾಯಿಯ ಮೇಲೆ ಬಾಗುತ್ತದೆ. ಬಾಯಲ್ಲಿ ತಿಂಡಿ ಇಟ್ಟುಕೊಂಡು ನಗುವ, ಅಳುವ, ಓಡುವ ಮಗು ಒಮ್ಮೆಲೇ ಉಸಿರೆಳೆದರೆ ಆ ಮುಚ್ಚಳಕ್ಕೆ ಸಮಯವೇ ಸಿಗುವುದಿಲ್ಲ. ಜೊತೆಗೆ, ಎಳೆಯ ಮಕ್ಕಳಿಗೆ ಕಚ್ಚಲು ಮುಂದಿನ ಹಲ್ಲುಗಳಿರುತ್ತವೆ, ಅರೆಯಲು ದವಡೆ ಹಲ್ಲುಗಳು ಇನ್ನೂ ಪೂರ್ತಿ ಬಂದಿರುವುದಿಲ್ಲ. ಕಡಲೆಬೀಜ ಎರಡು ಹೋಳಾಗಿ ಹಾಗೆಯೇ ಗಂಟಲಿಗೆ ಹೋಗುತ್ತದೆ.

ಮಕ್ಕಳ ಉಸಿರಿನ ದಾರಿ ಎಷ್ಟು ಕಿರಿದು ಎಂಬುದನ್ನು ಹೈಸ್ಕೂಲ್ ಗಣಿತದಲ್ಲೇ ತಿಳಿಯಬಹುದು. ವೃತ್ತದ ವಿಸ್ತೀರ್ಣ ತ್ರಿಜ್ಯದ ವರ್ಗವನ್ನು ಅವಲಂಬಿಸುತ್ತದೆ. ಕೂಸಿನ ಶ್ವಾಸನಾಳದ ಅತಿ ಕಿರಿದಾದ ಭಾಗದ ವ್ಯಾಸ 4 ಮಿಲಿಮೀಟರ್ ಎಂದುಕೊಳ್ಳಿ. ಸುತ್ತಲೂ 1 ಮಿಲಿಮೀಟರ್ ಬಾವು ಬಂದರೆ ಉಳಿಯುವ ವ್ಯಾಸ 2. ಅಂದರೆ ಗಾಳಿ ಹೋಗುವ ಜಾಗದಲ್ಲಿ ಮುಕ್ಕಾಲು ಪಾಲು ಹೋಯಿತು! ದೊಡ್ಡವರ 16 ಮಿಲಿಮೀಟರ್ ನಾಳದಲ್ಲಿ ಅಷ್ಟೇ ಬಾವು ಬಂದರೆ ಕಾಲು ಪಾಲೂ ಹೋಗುವುದಿಲ್ಲ. ಅಪ್ಪನಿಗೆ ಗಂಟಲು ಕೆರೆತ ತರುವ ಸೋಂಕು ಮಗುವಿಗೆ ಉಸಿರು ಕಟ್ಟಿಸುವುದು ಹೀಗೆ.

ವಸ್ತು ಒಳಗೆ ಹೋದ ಕ್ಷಣದಲ್ಲಿ ಭಾರಿ ಕೆಮ್ಮು, ಕಣ್ಣಲ್ಲಿ ನೀರು, ಮುಖ ಕೆಂಪು. ಕೆಲವು ನಿಮಿಷ ಕಳೆದ ಮೇಲೆ ಎಲ್ಲವೂ ಶಾಂತ. ಮೋಸಗೊಳಿಸುವುದು ಈ ಶಾಂತಿಯೇ. ವಸ್ತು ಹೊರಗೆ ಬಂದಿರುವುದಿಲ್ಲ. ಶ್ವಾಸನಾಳದಿಂದ ಇಳಿದು ಒಂದು ಕವಲಿನಲ್ಲಿ ಸೇರಿಕೊಂಡಿರುತ್ತದೆ, ಹೆಚ್ಚಾಗಿ ಬಲಗಡೆ. ಬಲಗವಲು ಹೆಚ್ಚು ಅಗಲ, ಹೆಚ್ಚು ನೇರ. ಆಮೇಲೆ ದಿನಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕೆಮ್ಮು, ಕಫ, ಜ್ವರ. ಒಮ್ಮೆ ನ್ಯುಮೋನಿಯಾ ಎಂದು, ಇನ್ನೊಮ್ಮೆ ಉಬ್ಬಸ ಎಂದು ಔಷಧಿ ನಡೆಯುತ್ತದೆ. ನಿಲ್ಲಿಸಿದ ಕೂಡಲೇ ಮತ್ತೆ ಅದೇ ಪಾಡು. ಕಡಲೆಕಾಯಿಯ ಎಣ್ಣೆ ನಾಳದ ಒಳಪದರವನ್ನು ಕೆರಳಿಸಿ ಬಾವು ತರುತ್ತದೆ. ಹುಣಸೆ ಬೀಜ, ಕಡಲೆ, ಬಟಾಣಿ ತೇವ ಹೀರಿ ಉಬ್ಬುತ್ತವೆ. ಎಕ್ಸ್‌ರೇ ತೆಗೆದರೂ ಬೀಜವಾಗಲಿ ಪ್ಲಾಸ್ಟಿಕ್ ಆಗಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಹೀಗಾಗಿ ‘ಆ ದಿನ ಏನಾದರೂ ತಿನ್ನುವಾಗ ಕೆಮ್ಮು ಬಂದಿತ್ತೇ?’ ಎಂಬ ಒಂದು ಪ್ರಶ್ನೆ ಹತ್ತು ಪರೀಕ್ಷೆಗಳಿಗಿಂತ ಬೆಲೆಯುಳ್ಳದ್ದು. ವೈದ್ಯರು ಕೇಳದಿದ್ದರೆ ತಾಯಿಯೇ ಹೇಳಬೇಕು.

ಶಾಲೆಗೆ ಹೋಗುವ ಮಕ್ಕಳ ಪಟ್ಟಿ ಬೇರೆ. ಪಾಠ ಕೇಳುತ್ತ ಪೆನ್ನಿನ ಕ್ಯಾಪ್ ಕಚ್ಚುವ ಚಾಳಿ ಯಾರಿಗೆ ಗೊತ್ತಿಲ್ಲ? ಬಿಕ್ ಕಂಪನಿ 1991ರಲ್ಲಿ ತನ್ನ ಬಾಲ್‌ಪೆನ್ನಿನ ಕ್ಯಾಪಿನ ತುದಿಗೆ ರಂಧ್ರ ಮಾಡಿತು. ಶಾಯಿ ಒಣಗದಿರಲಿ ಎಂದಲ್ಲ, ಕ್ಯಾಪ್ ಒಳಗೆ ಸಿಕ್ಕಿಕೊಂಡರೂ ಅದರ ಮೂಲಕ ಸ್ವಲ್ಪ ಗಾಳಿಯಾದರೂ ಆಡಲಿ ಎಂದು. ಇನ್ನು ಬಲೂನು. ಒಡೆದ ಬಲೂನಿನ ಚೂರನ್ನು ಬಾಯಿಗಿಟ್ಟು ಒಳಕ್ಕೆಳೆದು ಪುಟ್ಟ ಗುಳ್ಳೆ ಮಾಡುವ ಆಟ ನಮ್ಮ ಮಕ್ಕಳಿಗೆ ಬಲು ಪ್ರೀತಿ. ಆಟಿಕೆಗಳಲ್ಲೆಲ್ಲ ಇದರಷ್ಟು ಅಪಾಯಕಾರಿಯಾದದ್ದು ಕಡಿಮೆ. ರಬ್ಬರ್ ಹಾಳೆ ಗಂಟಲಿನ ಆಕಾರಕ್ಕೆ ಅಂಟಿಕೊಂಡು ಬಿರಡೆಯಂತೆ ಮುಚ್ಚಿಬಿಡುತ್ತದೆ.

ಗುಂಡಿಯಂಥ ಬ್ಯಾಟರಿಯ ರೀತಿಯೇ ಬೇರೆ. ಅದು ಹೆಚ್ಚಾಗಿ ಅನ್ನನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ತೇವದ ಸಂಪರ್ಕದಿಂದ ವಿದ್ಯುತ್ ಹರಿದು ಅಲ್ಲಿ ತೀಕ್ಷ್ಣ ಕ್ಷಾರ ಹುಟ್ಟುತ್ತದೆ. ಎರಡೇ ಗಂಟೆಯಲ್ಲಿ ತೀವ್ರವಾದ ಸುಟ್ಟಗಾಯ ಆಗಬಲ್ಲದು. ತಡವಾದರೆ ಮುಂದಿನ ಶ್ವಾಸನಾಳಕ್ಕೂ ತೂತು ಬೀಳುತ್ತದೆ. ಇದಕ್ಕೆ ‘ನಾಳೆ ನೋಡೋಣ’ ಎಂಬ ಮಾತಿಲ್ಲ.

ಹೊರಗಿನ ವಸ್ತು ಇಲ್ಲದೆಯೂ ದಾರಿ ಮುಚ್ಚಬಹುದು. ಗಂಟಲಮಾರಿ ರೋಗದಲ್ಲಿ ಗಂಟಲಿಗೆ ಬೂದು ಪೊರೆ ಕಟ್ಟುತ್ತದೆ. ಹಿಬ್ ಎಂಬ ಬ್ಯಾಕ್ಟೀರಿಯಾ ಎಪಿಗ್ಲಾಟಿಸನ್ನೇ ಊದಿಸುತ್ತದೆ. ಆಗ ಮಗು ಜೊಲ್ಲು ಸುರಿಸುತ್ತ ಮುಂದಕ್ಕೆ ಬಾಗಿ ಕೂರುತ್ತದೆ, ಮಲಗಲು ಒಪ್ಪುವುದಿಲ್ಲ. ಇವೆರಡನ್ನೂ ತಡೆಯುವ ಪೆಂಟಾವೇಲೆಂಟ್ ಲಸಿಕೆ 2011ರ ಕೊನೆಯಿಂದ ಹಂತಹಂತವಾಗಿ ಸರ್ಕಾರದ ಲಸಿಕೆ ಕಾರ್ಯಕ್ರಮಕ್ಕೆ ಸೇರಿತು. ಇನ್ನು ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಹೃದಯದ ದೊಡ್ಡ ರಕ್ತನಾಳವೊಂದು ಶ್ವಾಸನಾಳವನ್ನು ಉಂಗುರದಂತೆ ಸುತ್ತಿಕೊಂಡಿರುತ್ತದೆ. ಧ್ವನಿಪೆಟ್ಟಿಗೆಯಲ್ಲಿ ನರುಲಿಯಂಥ ಗಂಟುಗಳು ಬೆಳೆದು ದನಿ ಒಡೆಯುವುದೂ ಉಂಟು. ಎಲ್ಲಕ್ಕಿಂತ ವಿಚಿತ್ರವೆಂದರೆ ಜಿಗಣೆ. ಹಿಮಾಲಯದ ತಪ್ಪಲಿನಲ್ಲಿ ಹಳ್ಳದ ನೀರಿಗೆ ಬಾಯಿ ಹಚ್ಚಿ ಕುಡಿದವರ ಮೂಗು, ಗಂಟಲುಗಳಲ್ಲಿ ಕಚ್ಚಿಕೊಂಡು, ರಕ್ತ ಹೀರಿ ದಪ್ಪಗಾದ ಜಿಗಣೆಗಳನ್ನು ವೈದ್ಯರು ತೆಗೆದಿದ್ದಾರೆ.

ಕಣ್ಣೆದುರೇ ಮಗುವಿನ ಉಸಿರು ಕಟ್ಟಿದರೆ? ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಅದಕ್ಕಿಂತ ಒಳ್ಳೆಯ ಉಪಾಯವಿಲ್ಲ. ದನಿ ನಿಂತು, ಕೆಮ್ಮಲೂ ಆಗದೆ, ತುಟಿ ನೀಲಿಯಾದರೆ ಒಬ್ಬರು 108ಕ್ಕೆ ಫೋನ್ ಮಾಡಲಿ. ಒಂದು ವರ್ಷದೊಳಗಿನ ಕೂಸನ್ನು ಮುಂಗೈ ಮೇಲೆ ಬೋರಲಾಗಿ, ತಲೆ ತಗ್ಗಿಸಿ ಹಿಡಿದು ಹೆಗಲೆಲುಬುಗಳ ನಡುವೆ ಅಂಗೈ ಬುಡದಿಂದ ಐದು ಪೆಟ್ಟು. ಹೊರಳಿಸಿ ಎದೆಯ ನಡುವೆ ಐದು ಒತ್ತು. ದೊಡ್ಡ ಮಗುವಾದರೆ ಬಾಗಿಸಿ ಬೆನ್ನಿಗೆ ಐದು ಪೆಟ್ಟು, ನಂತರ ಹಿಂದಿನಿಂದ ತಬ್ಬಿ ಹೊಕ್ಕುಳಿನ ಮೇಲ್ಭಾಗದಲ್ಲಿ ಮುಷ್ಟಿಯಿಂದ ಒಳಕ್ಕೂ ಮೇಲಕ್ಕೂ ಐದು ಒತ್ತು. ವಸ್ತು ಹೊರಬರುವವರೆಗೆ ಹೀಗೆಯೇ ಮುಂದುವರಿಸಬೇಕು. ಪ್ರಜ್ಞೆ ತಪ್ಪಿದರೆ ಎದೆ ಒತ್ತಿ ಕೃತಕ ಉಸಿರು ಕೊಡಬೇಕಾಗುತ್ತದೆ; ಇದನ್ನು ಮೊದಲೇ ಕಲಿತಿರುವುದು ಮೇಲು. ಕಣ್ಣಿಗೆ ಕಾಣದ್ದನ್ನು ಬೆರಳು ಹಾಕಿ ಹುಡುಕಬಾರದು, ಅದು ಇನ್ನಷ್ಟು ಒಳಹೋಗುತ್ತದೆ.

ಕೆಳಗಿಳಿದ ವಸ್ತುವನ್ನು ತೆಗೆಯುವ ವಿದ್ಯೆಗೆ ನೂರು ವರ್ಷ ದಾಟಿದೆ. 1897ರಲ್ಲಿ ಜರ್ಮನಿಯ ಗುಸ್ಟಾವ್ ಕಿಲಿಯನ್ ರೈತನೊಬ್ಬನ ಬಲಗವಲಿನಿಂದ ಮೂಳೆಯ ಚೂರನ್ನು ಕೊಳವೆ ಇಳಿಸಿ ತೆಗೆದರು. ಅದಕ್ಕೂ ಮೊದಲು ಇಂಥವರಿಗೆ ಹೆಚ್ಚಿನ ದಾರಿಯೇ ಇರಲಿಲ್ಲ. ಅಮೆರಿಕದ ಷೆವಲಿಯರ್ ಜಾಕ್ಸನ್ ಹೀಗೆ ತೆಗೆದ ಎರಡು ಸಾವಿರಕ್ಕೂ ಹೆಚ್ಚು ವಸ್ತುಗಳನ್ನು ಜೋಪಾನವಾಗಿ ಇಟ್ಟರು: ಪಿನ್ನು, ಗುಂಡಿ, ಬೀಜ, ಆಟದ ಸಾಮಾನು. ಫಿಲಡೆಲ್ಫಿಯಾದ ಮ್ಯೂಟರ್ ಮ್ಯೂಸಿಯಂನಲ್ಲಿ ಅವು ಸಾಲುಸಾಲು ಡ್ರಾಯರುಗಳಲ್ಲಿವೆ. ಅರಿವಳಿಕೆ ಕೊಟ್ಟು ಬ್ರಾಂಕೊಸ್ಕೋಪ್ ಇಳಿಸಿ ಚಿಮ್ಮಟದಿಂದ ಹಿಡಿದು ತೆಗೆಯುವುದೇ ಇಂದಿನ ಕ್ರಮವೂ ಆಗಿದೆ. ಆಸ್ಪತ್ರೆಗೆ ಹೊರಡುವಾಗ ಮಗು ನುಂಗಿದ ಪೀಪಿಯದೋ ಕ್ಯಾಪಿನದೋ ಅಂಥದ್ದೇ ಇನ್ನೊಂದು ಮನೆಯಲ್ಲಿದ್ದರೆ ಜೇಬಿಗೆ ಹಾಕಿಕೊಳ್ಳಿ. ಯಾವ ಚಿಮ್ಮಟ ಅದನ್ನು ಜಾರದಂತೆ ಹಿಡಿಯುತ್ತದೆ ಎಂದು ವೈದ್ಯರು ಮೊದಲು ಅದರ ಮೇಲೆ ಪರೀಕ್ಷಿಸಿ ನೋಡಬಹುದು.