ಒಂದೆಲಗ ಮತ್ತು ಮಿದುಳಿನ ಶಕ್ತಿಮೂಲ

ದೇಹದ ತೂಕದಲ್ಲಿ ಶೇ. 2ರಷ್ಟೇ ಇರುವ ಮಿದುಳು ದೇಹಕ್ಕೆ ಬೇಕಾದ ಆಮ್ಲಜನಕದ ಸುಮಾರು ಶೇ. 20ರಷ್ಟನ್ನು ಬಳಸುವುದರಿಂದ, ಜೀವಕೋಶದೊಳಗೆ ಶಕ್ತಿ ಉತ್ಪಾದಿಸುವ ಮೈಟೊಕಾಂಡ್ರಿಯಗಳು ಕೆಟ್ಟರೆ ನರಕೋಶಗಳಿಗೆ ಬಲವಾದ ಪೆಟ್ಟು ಬೀಳುತ್ತದೆ. ಕರಾವಳಿ, ಮಲೆನಾಡುಗಳಲ್ಲಿ ತೆಂಗಿನತುರಿ, ಜೀರಿಗೆಯೊಂದಿಗೆ ರುಬ್ಬಿ ಮಜ್ಜಿಗೆ ಬೆರೆಸಿ ತಂಬುಳಿ ಮಾಡುವ ಒಂದೆಲಗವನ್ನು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು ಈ ದೃಷ್ಟಿಯಿಂದಲೇ ಪರೀಕ್ಷಿಸಿದರು. 2008ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಅದರ ನೀರಿನ ಸಾರವನ್ನು ಮೊದಲೇ ಕೊಟ್ಟಿದ್ದ ಎಳೆಯ ಇಲಿಗಳಿಗೆ ಮೈಟೊಕಾಂಡ್ರಿಯದ ಕಿಣ್ವವನ್ನು ತಡೆಯುವ 3-ನೈಟ್ರೊಪ್ರೊಪಿಯೋನಿಕ್ ಆಮ್ಲವೆಂಬ ವಿಷವನ್ನು ನೀಡಿದಾಗ, ಮಿದುಳಿಗಾಗುವ ಹಾನಿ ತಗ್ಗಿತು, ಜೀವಕೋಶದ ಸ್ವಂತ ರಕ್ಷಕವಾದ ಗ್ಲುಟಾಥಯೋನ್ ಉಳಿದುಕೊಂಡಿತು. ಭರವಸೆಯ ಫಲಿತಾಂಶವೇ ಸರಿ, ಆದರೆ ಇದು ಇಲಿಗಳಲ್ಲಿ ಕಂಡದ್ದು. ಆದ್ದರಿಂದ ಎಲ್ಲರೂ ತಂಬುಳಿಯನ್ನು ಊಟವಾಗಿ ಸವಿಯಲಿ. ಅದನ್ನು ನೆಚ್ಚಿ, ವೈದ್ಯರು ಬರೆದುಕೊಟ್ಟ ಮಾತ್ರೆಗಳನ್ನು ಯಾರೂ ನಿಲ್ಲಿಸದಿರಲಿ.